ನಕಲು ಚನ್ನಗಿರಿಯಲ್ಲಿದೆ

ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ದಾವಣಗೆರೆಯ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಮೂರು ಹೊಸ ಲ್ಯಾಪ್‌ಟಾಪ್‌ಗಳ ಆಪರೇಟಿಂಗ್ ಸಿಸ್ಟಂ ಅಳಿಸಿ ಬೇರೆಯದನ್ನು ಹಾಕುವ ಕೆಲಸ ಶುರುವಾಯಿತು. ನಾಲ್ಕೂಕಾಲಿಗೆ ಮುಗಿಯಿತು. ಮೂರರಲ್ಲಿ ಒಂದು ಜಗಳೂರಿನ ವರದಿಗಾರರದು, ಒಂದು ಹೊನ್ನಾಳಿಯವರದು, ಇನ್ನೊಂದು ಚನ್ನಗಿರಿಯದು, ಅಂದರೆ ನನ್ನದು.

ಸುದ್ದಿಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಕಾಲಂ, ಎರಡು ಇಂಚು, ಒಳಪುಟದ ಮೂಲೆ. ಇಪ್ಪತ್ತೇಳು ವರ್ಷದಿಂದ ಇಂಥ ಎರಡಿಂಚಿನ ಸುದ್ದಿಗಳನ್ನು ಕಳಿಸುತ್ತಿರುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ಆದರೆ ಆ ದಿನ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೊ ಇತ್ತು. ತೆಗೆದವನು ನಾನಲ್ಲ. ಫೋಟೊ ನನ್ನ ತಾಲ್ಲೂಕಿನದೂ ಅಲ್ಲ. ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆಯ ಆಚೆಗಿನ ಒಂದು ಹಳ್ಳಿಯಲ್ಲಿ ನೀರು ಬಿಡುವ ತಿಪ್ಪಮ್ಮ ಎಂಬ ಹೆಂಗಸಿನ ಕೆಲಸ ಆ ಒಂದು ಫೋಟೊದ ಮೇಲೆ ನಿಂತಿತ್ತು. ನಾಲ್ಕೂಕಾಲಿಗೆ ಆ ಫೋಟೊ ಇರಲಿಲ್ಲ.

ಇದನ್ನು ಬರೆಯುವ ಯೋಚನೆಯೇ ಇರಲಿಲ್ಲ. ಮೊನ್ನೆ ಒಂದು ಕಾಗದ ಇಡಲು ಜಾಗ ಹುಡುಕುತ್ತಾ ಕಪಾಟಿನ ಮೇಲಿನ ಖಾನೆಗೆ ಕೈ ಹಾಕಿದಾಗ ಅಪ್ಪನ ಕಾರ್ಬನ್ ಹಾಳೆಯ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದೆ. ಒಳಗೆ ಮೂರ್ನಾಲ್ಕು ಹಾಳೆ, ಮಡಿಕೆಯಲ್ಲಿ ಬಿರುಕು ಬಿಟ್ಟಿದ್ದವು. ಮುಟ್ಟಿದರೆ ಈಗಲೂ ಬೆರಳಿಗೆ ನೀಲಿ ಹತ್ತುತ್ತದೆ. ತೊಳೆಯಲು ಎದ್ದವನು ಅಲ್ಲೇ ಕೂತೆ.

ನಮ್ಮಪ್ಪ ಚನ್ನಗಿರಿಯಲ್ಲಿ ಬಾಂಡ್ ರೈಟರ್. ನೋಂದಣಿ ಕಚೇರಿಯ ಎದುರು ಒಂದು ಇಳಿಜಾರು ಮೇಜು, ಒಂದು ಮಣೆ, ಮಸಿ ಬಾಟಲಿ, ಈ ಡಬ್ಬಿ. ಉಬ್ರಾಣಿ, ನಲ್ಲೂರಿನ ಕಡೆಯಿಂದ ಬಂದವರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ತಮ್ಮ ಮನೆತನದ ಜಗಳಗಳನ್ನೆಲ್ಲ ಹೇಳುತ್ತಿದ್ದರು. ಅಪ್ಪ ಅಷ್ಟನ್ನೂ ಕೇಳಿಸಿಕೊಂಡು, ಜಗಳ ಬಿಟ್ಟು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ಮಾತ್ರ ಬರೆಯುತ್ತಿದ್ದ. ಮೂರು ಹಾಳೆಯ ನಡುವೆ ಎರಡು ಕಾರ್ಬನ್. ಒತ್ತಿ ಬರೆದು ಬರೆದು ಅವನ ಬಲಗೈಯ ತೋರುಬೆರಳು ಚಪ್ಪಟೆಯಾಗಿತ್ತು. ನಾನು ವರದಿಗಾರನಾದಾಗ ಅವನ ಆಕ್ಷೇಪ ಒಂದೇ: "ನೀನು ಚಕ್ಕುಬಂದಿ ಬಿಟ್ಟು ಜಗಳ ಬರೆಯೋ ಕೆಲ್ಸ ಹಿಡ್ದೆಯಲ್ಲೋ."

ಒಂದು ಸಲ ನಲ್ಲೂರಿನ ಅಣ್ಣತಮ್ಮಂದಿರಿಬ್ಬರು ತಮ್ಮ ಪಾಲುಪಟ್ಟಿಯ ಎರಡೂ ಪ್ರತಿಗಳನ್ನು ಒಂದೇ ಟ್ರಂಕಿನಲ್ಲಿ ಇಟ್ಟು ಗೆದ್ದಲಿಗೆ ಕೊಟ್ಟು ಬಂದರು. ಅಪ್ಪ ಅವರನ್ನು ಬೈದದ್ದು ನನಗೆ ಇವತ್ತಿಗೂ ನೆನಪಿದೆ.

"ಒಂದೇ ಮನ್ಯಾಗಿರೋ ಎರಡು ಕಾಗದ ಒಂದೇ ಕಾಗದ ಕಣ್ರೋ. ಗೆದ್ಲಿಗೇನು ಎಣಿಸಾಕೆ ಬರ್ತೈತಾ? ನಕಲು ಅಂದ್ರೆ ಹೆಣ್ಣುಮಗಳಿದ್ದಂಗೆ. ಬ್ಯಾರೆ ಮನೆ ಸೇರಬೇಕು."

ಅಳಿಸುವುದರ ಬಗ್ಗೆ ನನಗೆ ಆಗ ಬೇರೆಯೇ ಅಭಿಪ್ರಾಯವಿತ್ತು. ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ತಿದ್ದಿ, ಸ್ಲೇಟಿನ ಮೂಲೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಬಳಪದಲ್ಲಿ ಬರೆದು ಕೊಡುತ್ತಿದ್ದರು. ಅದನ್ನು ಮನೆಗೆ ತೋರಿಸಬೇಕು. ಪೂರ್ತಿ ಬಂದವರು ಸ್ಲೇಟನ್ನು ಎರಡೂ ಕೈಯಲ್ಲಿ ಎದೆಯಿಂದ ಒಂದು ಗೇಣು ದೂರ ಹಿಡಿದು, ಅಂಗಿಗೆ ತಾಗದಂತೆ, ಯಾರೂ ಮೈಮೇಲೆ ಬೀಳದಂತೆ, ದೇವರ ಅಡ್ಡೆ ಹೊತ್ತವರ ಹಾಗೆ ನಡೆಯುತ್ತಿದ್ದರು. ನಾನೂ ಒಂದು ದಿನ ಹಾಗೆಯೇ ಹಿಡಿದು ಮನೆಯವರೆಗೆ ಬಂದೆ. ಬಾಗಿಲ ಬಳಿ ನೋಡಿದರೆ ಗೀಟಿನ ಕೆಳಗಿನ ಹತ್ತು ಉಳಿದಿತ್ತು, ಮೇಲಿನದು ಹೋಗಿತ್ತು. ದಾರಿಯಲ್ಲಿ ಒಬ್ಬ ಡಿಕ್ಕಿ ಹೊಡೆದ ಎಂದು ಅಪ್ಪನ ಮುಂದೆ ಅತ್ತೆ. ಅಪ್ಪ ಪಾಪ ಎಂದ. ಆ ದಿನ ನನಗೆ ಬಂದದ್ದು ನಾಲ್ಕು. ಮನೆಯ ಹತ್ತಿರದ ತಿರುವಿನಲ್ಲಿ ತೋಳಿನಿಂದ ಒರೆಸಿದವನು ನಾನೇ.

ವರದಿಗಾರನಾದ ಹೊಸದರಲ್ಲಿ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಕೈಯಲ್ಲಿ ಬರೆದು, ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಬರೆದು ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಆ ಕಡೆ ಕಚೇರಿಯ ಹುಡುಗ ಬಂದು ಇಸಿದುಕೊಳ್ಳುತ್ತಿದ್ದ. ನಿಂಗಪ್ಪ ಎಂಬ ಕಂಡಕ್ಟರ್ ಕವರನ್ನು ಅಂಗೈಯಲ್ಲಿ ತೂಗಿ ನೋಡಿಯೇ ಜೇಬಿಗಿಡುತ್ತಿದ್ದ. "ಏನ್ರೀ, ಇವತ್ತು ಬರೇ ಎರಡು ಹಾಳೆ? ಊರಾಗೆ ಏನೂ ಆಗ್ಲಿಲ್ಲೇನು?" ಕವರಿಗೆ ಅಂಟು ಹಚ್ಚಬೇಡಿ ಎಂದು ಅವನೇ ಹೇಳಿದ್ದ. ದಾರಿಯಲ್ಲಿ ಓದಲು ತೊಂದರೆಯಾಗುತ್ತಿತ್ತು. ನನ್ನ ಸುದ್ದಿಗಳನ್ನು ಅಚ್ಚಾಗುವ ಮೊದಲು ಓದಿ, ಅಚ್ಚಾದ ಮೇಲೆ ಏನು ಕತ್ತರಿಸಿದ್ದಾರೆಂದು ಗುರುತಿಸುತ್ತಿದ್ದ ಏಕೈಕ ಓದುಗ ಅವನು.

ಕವರುಗಳು ಕಳೆಯುತ್ತಿದ್ದವು. ಉಬ್ರಾಣಿಯಲ್ಲಿ ಪಶು ಚಿಕಿತ್ಸಾ ಶಿಬಿರ ಎಂಬ ನನ್ನ ಸುದ್ದಿ ಬಸ್ಸಿನ ಸೀಟಿನ ಸಂದಿಗೆ ಬಿದ್ದು, ಶಿವಮೊಗ್ಗ ನೋಡಿಕೊಂಡು, ಶಿಬಿರ ಮುಗಿದ ಮೇಲೆ ದಾವಣಗೆರೆ ತಲುಪಿತು. ಡೆಸ್ಕಿನವರು ಅದನ್ನು 'ನಾಳೆ ಶಿಬಿರ' ಎಂದೇ ಹಾಕಿದರು. ಮರುದಿನ ಒಬ್ಬ ರೈತ ಎಮ್ಮೆಯ ಸಮೇತ ನನ್ನನ್ನು ಹುಡುಕಿಕೊಂಡು ಬಂದ. "ಡಾಕ್ಟ್ರು ಎಲ್ರೀ? ಇಲ್ಲ ಅಂದ್ರೆ ನೀವೇ ನೋಡ್ರಿ, ಬರ್ದೋರು ನೀವಲ್ಲೇನು?"

ಅಪ್ಪನ ಮಾತು ನೆನಪಾಗಿದ್ದು ಆಗ. ತಿಂಗಳ ಎರಡನೇ ಸೋಮವಾರ ದಾವಣಗೆರೆಯಲ್ಲಿ ತಾಲ್ಲೂಕು ವರದಿಗಾರರ ಸಭೆ. ಅಲ್ಲಿ ಸಿಗುತ್ತಿದ್ದವರಲ್ಲಿ ನನಗೆ ಹತ್ತಿರದವರು ಇಬ್ಬರು. ಜಗಳೂರಿನ ರಹಮಾನಣ್ಣ, ನನಗಿಂತ ಆರು ವರ್ಷ ದೊಡ್ಡವರು, ಬಸ್ ನಿಲ್ದಾಣದ ಹತ್ತಿರ ಫೋಟೊ ಸ್ಟುಡಿಯೊ ಇಟ್ಟವರು. ಹೊನ್ನಾಳಿಯ ಹಾಲೇಶ, ನಮ್ಮಿಬ್ಬರಿಗಿಂತ ಚಿಕ್ಕವನು. ನ್ಯಾಮತಿ ಬೇರೆ ತಾಲ್ಲೂಕಾದಾಗ ನಮ್ಮ ಪತ್ರಿಕೆ ಅದನ್ನು ಸ್ವಾಗತಿಸಿ ಸಂಪಾದಕೀಯ ಬರೆಯಿತು, ವರದಿಗಾರನನ್ನು ನೇಮಿಸಲಿಲ್ಲ. ಹಾಗಾಗಿ ತಾಲ್ಲೂಕು ಎರಡಾದರೂ ಹಾಲೇಶ ಒಬ್ಬನೇ ಉಳಿದ.

ನಾನು ಒಂದು ಏರ್ಪಾಡು ಸೂಚಿಸಿದೆ. ನನ್ನ ಸುದ್ದಿ ಮತ್ತು ಫೋಟೊಗಳ ನಕಲು ಹೊನ್ನಾಳಿಯಲ್ಲಿರಬೇಕು. ಹೊನ್ನಾಳಿಯದು ಜಗಳೂರಿನಲ್ಲಿ. ಜಗಳೂರಿನದು ಚನ್ನಗಿರಿಯಲ್ಲಿ. ಮೂಲ ಅವರವರ ಬಳಿ. ತಿಂಗಳ ಸಭೆಯಲ್ಲಿ ಅದಲುಬದಲು. ಮೊದಲು ಕಾರ್ಬನ್ ಪ್ರತಿಗಳು, ಆಮೇಲೆ ಸಿ.ಡಿ., ಆಮೇಲೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಪೆನ್‌ಡ್ರೈವ್. ಕಾಗದ, ಸಿ.ಡಿ.ಗಳನ್ನು ಇಡಲು ಯಾರ ಮನೆಯಲ್ಲೂ ಜಾಗವಿರಲಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಗೀರು ಬಿದ್ದ ಸಿ.ಡಿ.ಗಳನ್ನು ಕಾಗೆ ಬರದಿರಲೆಂದು ಅಂಗಳದಲ್ಲಿ ಕಟ್ಟಿದೆವು. ಪೆನ್‌ಡ್ರೈವ್ ಒಂದೇ, ಪ್ರತಿ ತಿಂಗಳು ಅಳಿಸಿ ಮತ್ತೆ ತುಂಬುವುದು. ರಹಮಾನಣ್ಣ ಆ ದಿನ ನನ್ನ ಬೆನ್ನು ತಟ್ಟಿದ್ದರು. "ಪತ್ರಕರ್ತ ಆದ್ರೂ ಬಾಂಡ್ ರೈಟ್ರ ಮಗ ಬಾಂಡ್ ರೈಟ್ರೇ ನೋಡು." ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಏರ್ಪಾಡು ಒಮ್ಮೆಯೂ ಕೈಕೊಡಲಿಲ್ಲ.

ತಿಪ್ಪಮ್ಮನವರ ಫೋಟೊ ನನ್ನ ಬಳಿ ಬಂದದ್ದು ಹೀಗೆ. ಅವರ ಗಂಡ ಆ ಹಳ್ಳಿಯ ನೀರುಗಂಟಿ. ಟ್ಯಾಂಕಿನ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುವ ಕೆಲಸ. ಅವರು ತೀರಿಕೊಂಡ ಮರುದಿನ, ಮಣ್ಣು ಮಾಡಿ ಬಂದವರಿಗೆ ಕೈ ತೊಳೆಯಲು ಊರಲ್ಲಿ ನೀರಿಲ್ಲ. ತಿಪ್ಪಮ್ಮ ಗೋಡೆಗೆ ಒರಗಿಸಿದ್ದ ಕಬ್ಬಿಣದ ಚಾವಿ ಎತ್ತಿಕೊಂಡು ಹೋಗಿ ನೀರು ಬಿಟ್ಟರು. ಪಂಚಾಯಿತಿಯವರು "ನೀನೇ ಬಿಡ್ತಾ ಇರಮ್ಮ" ಎಂದರು. ಯಾವ ಪುಸ್ತಕದಲ್ಲೂ ಹೆಸರು ಬರೆಯಲಿಲ್ಲ. ಹದಿನಾರು ವರ್ಷ ಅವರು ನೀರು ಬಿಟ್ಟರು.

ಆ ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆಯಲ್ಲಿ ರಹಮಾನಣ್ಣ ಹೋಗಿ ಫೋಟೊ ತೆಗೆದರು. ನಸುಕಿನಲ್ಲಿ ಎಡಕ್ಕೆ ತಿಪ್ಪಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಯೆತ್ತರದ ಚಾವಿಯ ಎರಡೂ ಕೊಂಬು ಹಿಡಿದು ಬಗ್ಗಿದ್ದಾರೆ. ಬಲಕ್ಕೆ ಕೊಡಗಳ ಸಾಲು. ಹಿಂದೆ ಪಂಚಾಯಿತಿಯ ಹೆಸರು ಬರೆದ ಗೋಡೆ. ಕೆಳಗೆ ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ಕೇಸರಿ ಬಣ್ಣದ ದಿನಾಂಕ. ಪತ್ರಿಕೆಯಲ್ಲಿ ಅದು ಬಂತು. ಆದರೆ ಡೆಸ್ಕಿನವರು ಎರಡು ಕಾಲಂಗೆ ಹೊಂದಿಸಲು ಎಡಭಾಗ ಕತ್ತರಿಸಿದ್ದರು. 'ನೀರಿಗಾಗಿ ಕಾದಿರುವ ಮಹಿಳೆಯರು' ಎಂಬ ಅಡಿಬರಹದ ಮೇಲೆ ಕೊಡಗಳಿದ್ದವು, ಕಾದವರಿದ್ದರು. ನೀರು ಬಿಟ್ಟವರು ಇರಲಿಲ್ಲ.

ಈ ವರ್ಷ ಪಂಚಾಯಿತಿಯಲ್ಲಿ ಹಳೆಯ ಕೆಲಸಗಾರರನ್ನು ಕಾಯಂ ಪಟ್ಟಿಗೆ ಸೇರಿಸುವ ಮಾತು ಬಂತು. ಎಷ್ಟು ವರ್ಷದಿಂದ ಇದ್ದೀರಿ ಎಂಬುದಕ್ಕೆ ದಿನಾಂಕವಿರುವ ಯಾವುದಾದರೂ ಒಂದು ದಾಖಲೆ ತನ್ನಿ ಎಂದರು. ತಿಪ್ಪಮ್ಮ ರಹಮಾನಣ್ಣನ ಸ್ಟುಡಿಯೊಗೆ ಬಂದರು.

"ಅಣ್ಣಾ, ನೀವೊಂದಿನ ಪಟ ಹೊಡ್ಕೊಂಡು ಹೋಗಿದ್ರಲ್ಲ, ಅದು ಐತಾ?"

"ಇಲ್ದೆ ಎಲ್ಲಿ ಹೋಗ್ತೈತವ್ವಾ? ಒಂದಲ್ಲ, ಎರಡು ಕಡೆ ಐತೆ. ಕೊಡೋ ದಿನ ಹೇಳು, ದೊಡ್ಡದಾಗಿ ತೊಳ್ಸಿ ಕೊಡ್ತೀನಿ."

ಅದು ಮೇ ತಿಂಗಳ ಮಾತು. ಆ ಹೊತ್ತಿಗೆ ನಾವು ಮೂವರೂ ಹೊಸ ಲ್ಯಾಪ್‌ಟಾಪ್ ಕೊಂಡಾಗಿತ್ತು. ಹಳೆಯ ಕಂಪ್ಯೂಟರುಗಳು ಇನ್ನು ಮುಂದೆ ಪತ್ರಿಕೆಯ ಹೊಸ ನೆಟ್‌ವರ್ಕಿಗೆ ಸೇರುವುದಿಲ್ಲ, ವರದಿಗಾರರು ಹೊಸತು ಕೊಳ್ಳತಕ್ಕದ್ದು ಎಂದು ಪ್ರಧಾನ ಕಚೇರಿಯಿಂದ ಮೇಲ್ ಬಂದಿತ್ತು. ಯಾರ ಖರ್ಚಿನಲ್ಲಿ ಎಂಬುದನ್ನು ಬರೆದಿರಲಿಲ್ಲ. ಬರೆಯದಿದ್ದರೆ ನಮ್ಮದೇ ಎಂದು ಅರ್ಥ. ದಾವಣಗೆರೆಯ ಒಂದೇ ಅಂಗಡಿಯಲ್ಲಿ ಮೂರನ್ನೂ ತೆಗೆದುಕೊಂಡೆವು. ಕಡತಗಳನ್ನೆಲ್ಲ ಹೊಸದಕ್ಕೆ ತುಂಬಿಸಿಕೊಂಡು ಹಳೆಯ ಯಂತ್ರಗಳನ್ನು ಅಲ್ಲೇ ವಿನಿಮಯಕ್ಕೆ ಬಿಟ್ಟೆವು. ಹಾಲೇಶ ಹೊಸ ಯಂತ್ರಕ್ಕೆ ಕುಂಕುಮ ಇಟ್ಟು, ನಿಂಬೆಹಣ್ಣು ಹಿಡಿದು, ಚಕ್ರವಿಲ್ಲದ್ದಕ್ಕೆ ಇದನ್ನು ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದ. ರಹಮಾನಣ್ಣ ಮುಚ್ಚಳದ ಮೇಲಿನ ಪ್ಲಾಸ್ಟಿಕ್ ತೆಗೆಯಲೇ ಇಲ್ಲ.

ಒಂದು ತಿಂಗಳೂ ಆಗಿರಲಿಲ್ಲ, ಇನ್ನೊಂದು ಮೇಲ್. ಹೊಸ ಯಂತ್ರಗಳಲ್ಲಿ ಅಂಗಡಿಯವರು ಹಾಕಿಕೊಟ್ಟಿರುವುದು 'ಹೋಮ್' ಎಂಬ ಬಗೆಯ ಆಪರೇಟಿಂಗ್ ಸಿಸ್ಟಂ. ಅದು ಮನೆಬಳಕೆಯದು. ಕಚೇರಿಯ ನೆಟ್‌ವರ್ಕಿಗೆ ಸೇರದು. ಅದನ್ನು ತೆಗೆದು ಕಚೇರಿಯ ಬಗೆಯದನ್ನು ಹಾಕಿಸಿಕೊಳ್ಳಬೇಕು. ಜೂನ್ ಸಭೆಗೆ ಬರುವಾಗ ಯಂತ್ರ ತನ್ನಿ. ಸೇರದವರ ಲಾಗಿನ್ ಮುಂದಿನ ತಿಂಗಳಿನಿಂದ ಇರುವುದಿಲ್ಲ.

"ಮನೆಯದು ಆಫೀಸಿಗೆ ನಡೆಯಲ್ಲಂತೆ," ಎಂದ ಹಾಲೇಶ. "ನಮ್ಗೆ ಆಫೀಸಂತ ಒಂದು ಕೊಟ್ಟಿದ್ರೆ ಅಲ್ವೇನಣ್ಣಾ ಆಫೀಸಿಂದು ತಗಳ್ಳಾಕೆ? ನಾನು ಅಡುಗೆಮನೆ ಪಕ್ಕ ಕೂತು ಎರಡು ತಾಲ್ಲೂಕು ಬರೀತೀನಿ."

ದಾವಣಗೆರೆ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಕಾವ್ಯಾ. ಕೆಲಸ ಬಲ್ಲ ಹುಡುಗಿ, ಮಾತಿನಲ್ಲಿ ಮರ್ಯಾದೆ. ಈ ಬರಹದಲ್ಲಿ ಅವಳ ತಪ್ಪು ಎಂಬುದು ಯಾವುದೂ ಇಲ್ಲ. ಮೂರು ಯಂತ್ರಗಳನ್ನೂ ಉದ್ದ ಮೇಜಿನ ಮೇಲೆ ಸಾಲಾಗಿ ಇಡಿಸಿದಳು.

"ಇದ್ದದ್ದರ ಮೇಲೇ ಹಾಕಕ್ಕಾಗಲ್ವೇನಮ್ಮಾ?" ಎಂದು ಕೇಳಿದೆ.

"ಬೆಂಗಳೂರಿನ ರೂಲು ಸರ್. ಪೂರ್ತಿ ಒರೆಸಿ ಹಾಕಬೇಕು. ಆಮೇಲೆ ಡಿಸ್ಕಿಗೆ ಬೀಗ ಬೀಳ್ತದೆ. ಲ್ಯಾಪ್‌ಟಾಪ್ ಕಳುವಾದ್ರೂ ಯಾರೂ ಒಳಗಿಂದು ಓದಕ್ಕಾಗಲ್ಲ. ಬ್ಯಾಕಪ್ ಇದೆ ಅಲ್ವಾ ಎಲ್ಲರದೂ?"

"ನಾನು ಎಲ್ಲಾ ಡಿ ಡ್ರೈವಿನಾಗೆ ಇಟ್ಟೀನಮ್ಮಾ, ಅದಕ್ಕೇನೂ ಆಗಲ್ಲ," ಎಂದ ಹಾಲೇಶ. ಹಳೆಯ ಕಂಪ್ಯೂಟರುಗಳಲ್ಲಿ ಸಿ, ಡಿ ಎಂದು ಎರಡು ಖಾನೆ ಇರುತ್ತಿದ್ದವು. ಸಿ ಒರೆಸಿದರೂ ಡಿ ಉಳಿಯುತ್ತಿತ್ತು.

"ಈ ಲ್ಯಾಪ್‌ಟಾಪಲ್ಲಿ ಡಿ ಡ್ರೈವೇ ಇಲ್ಲ ಸರ್."

"ಮತ್ತೆ ನಾನು ಎಲ್ಲಿಟ್ಟೀನಿ?"

"ಅದನ್ನ ನೀವೇ ಹೇಳಬೇಕು ಸರ್."

"ಹೋಗ್ಲಿ ಬಿಡು. ನಂದೆಲ್ಲ ಜಗಳೂರಾಗೆ ಐತೆ."

ಕಾವ್ಯಾ ಒಂದೊಂದು ನಮೂನೆ ಕೊಟ್ಟಳು. 'ನಕಲು ತೆಗೆದಿರಿಸಲಾಗಿದೆಯೇ?' ಎಂಬುದರ ಮುಂದೆ ಮೂವರೂ 'ಹೌದು' ಎಂದು ಬರೆದೆವು. 'ಎಲ್ಲಿ?' ಎಂಬುದರ ಮುಂದೆ ನಾನು 'ಹೊನ್ನಾಳಿ' ಎಂದು ಬರೆದೆ. ಹಾಲೇಶ 'ಜಗಳೂರು' ಎಂದು ಬರೆದ. ರಹಮಾನಣ್ಣ ತಮ್ಮ ದುಂಡು ಅಕ್ಷರದಲ್ಲಿ 'ನಕಲು ಚನ್ನಗಿರಿಯಲ್ಲಿದೆ' ಎಂದು ಪೂರ್ತಿ ವಾಕ್ಯವನ್ನೇ ಬರೆದರು. ಮೂವರೂ ಸಹಿ ಮಾಡಿದೆವು. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೊನ್ನಾಳಿ, ಜಗಳೂರು ಮತ್ತು ಚನ್ನಗಿರಿ ಆ ಹೊತ್ತಿನಲ್ಲಿ ಅದೇ ಮೇಜಿನ ಮೇಲೆ, ಒಂದರ ಪಕ್ಕ ಒಂದು, ಮುಚ್ಚಳ ತೆರೆದುಕೊಂಡು ಕೂತಿದ್ದವು.

ಒಂದು ಗಂಟೆ ಹಿಡಿಯುತ್ತದೆ ಎಂದಳು. ಎದುರಿನ ಅಂಗಡಿಗೆ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ಹೋದೆವು. ಹಾಲೇಶ ಪ್ರಧಾನ ಕಚೇರಿಯವರ ಕನ್ನಡವನ್ನು ಅಣಕಿಸಿದ. "ಸೇರತಕ್ಕದ್ದು, ಕೊಳ್ಳತಕ್ಕದ್ದು, ಸಾಯತಕ್ಕದ್ದು." ನಕ್ಕೆವು. ರಹಮಾನಣ್ಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೇಳಿದರು:

"ತಮ್ಮಾ, ಆ ನೀರುಗಂಟಿ ತಿಪ್ಪಮ್ಮಂದು ಫೋಟೊ ಮುಂದಿನ ವಾರ ಬೇಕಾಗ್ತೈತೆ. ನನ್ನ ಯಂತ್ರ ಹ್ಯಾಂಗೂ ಖಾಲಿ ಆಯ್ತು. ನಿನ್ನತ್ರ ಐತಲ್ಲ?"

"ಐತೆ," ಎಂದೆ.

ಅಂಗಡಿಯ ಬೆಂಚಿನಿಂದ ನಮ್ಮ ಕಚೇರಿಯ ಕಿಟಕಿ ಕಾಣುತ್ತಿತ್ತು. ಕಿಟಕಿಯಲ್ಲಿ ಮೂರು ನೀಲಿ ಪರದೆಗಳೂ ಕಾಣುತ್ತಿದ್ದವು. ನಾನು ಇನ್ನೊಂದು ಪ್ಲೇಟು ಹೇಳಿದೆ.

ನಾಲ್ಕೂಕಾಲಿಗೆ ಯಂತ್ರ ಕೈಗೆ ಬಂತು. ಮೊದಲಿಗಿಂತ ಬೇಗ ತೆರೆದುಕೊಂಡಿತು. ಪರದೆಯ ಮೇಲೆ ಪತ್ರಿಕೆಯ ಲಾಂಛನ, ಅದರ ಕೆಳಗೆ ನನ್ನ ಹೆಸರು. ನನಗೆ ಖುಷಿಯಾಯಿತು. ಇದನ್ನೂ ದಾಖಲಿಸಬೇಕು.

ಶುಕ್ರವಾರ ಬೆಳಿಗ್ಗೆ ರಹಮಾನಣ್ಣ ಫೋನ್ ಮಾಡಿದರು. ನಾನು ಮಾತಾಡುತ್ತಲೇ ಲ್ಯಾಪ್‌ಟಾಪ್ ತೆರೆದು ಜಗಳೂರು ಎಂಬ ಕಡತ ಹುಡುಕಿದೆ.

"ರಹಮಾನಣ್ಣ, ಇಲ್ಲಿ ಕಾಣ್ತಿಲ್ಲ. ಮೂಲ ನಿಮ್ಮತ್ರ ಇರಬೇಕಲ್ಲ?"

"ನಂದು ಒರೆಸಿದ್ರಲ್ಲೋ ಮಾರಾಯ. ನಕಲು ಚನ್ನಗಿರಿಯಾಗೆ ಐತೆ ಅಂತ ಬರ್ದು ಸಹಿ ಹಾಕೀನಿ."

"ನಂದೂ ಒರೆಸಿದ್ರು."

ಆ ಕಡೆ ಅವರು ಸ್ಟುಡಿಯೊದ ಫ್ಯಾನು ಆರಿಸಿದ್ದು ಕೇಳಿಸಿತು.

"ಹಾಲೇಶನತ್ರ ಕೇಳೋಣೇನು?" ಎಂದರು.

"ಅವನತ್ರ ಇದ್ದ ನಕಲು ನಂದು. ನಿಮ್ದಲ್ಲ. ಅದನ್ನೂ ಒರೆಸ್ಯಾರೆ."

ಮೂರು ಮನೆಗೆ ಕೊಟ್ಟ ಮೂರು ಹೆಣ್ಣುಮಕ್ಕಳು ಆ ಸೋಮವಾರ ಒಂದೇ ಬಸ್ಸು ಹತ್ತಿದ್ದರು. ಹತ್ತಿಸಿದವನು ನಾನು. ಬೆಂಕಿ, ಗೆದ್ದಲು, ಮಳೆ, ಕಂಡಕ್ಟರ್, ಎಲ್ಲವನ್ನೂ ಯೋಚಿಸಿ ಮಾಡಿದ ಏರ್ಪಾಡು ಅದು. ಮೂರು ಮನೆಗೂ ಒಂದೇ ದಿನ ಒಂದೇ ಕಡೆಯಿಂದ ಕರೆ ಬರುತ್ತದೆ, ಮೂವರೂ ಕರೆದ ಕೂಡಲೇ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತೇವೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಒರೆಸಿದ್ದನ್ನು ವಾಪಸ್ ತೆಗೆದುಕೊಡುತ್ತೇನೆ ಎಂದು ಬೋರ್ಡು ಹಾಕಿದ್ದ ದಾವಣಗೆರೆಯ ಅಂಗಡಿಯವನು ಎರಡು ದಿನ ಇಟ್ಟುಕೊಂಡು, ಬೀಗ ಬಿದ್ದ ಡಿಸ್ಕು, ಏನೂ ಬರುವುದಿಲ್ಲ ಎಂದ. ಹಳೆಯ ಯಂತ್ರಗಳನ್ನು ಬಿಟ್ಟಿದ್ದ ಅಂಗಡಿಗೆ ಹೋದೆವು. ಅವು ಹುಬ್ಬಳ್ಳಿಗೆ ಹೋಗಿಯಾಗಿತ್ತು. "ಡಿಸ್ಕ್ ಕ್ಲೀನ್ ಮಾಡೇ ಕಳ್ಸೀವಿ ಸರ್, ನಿಮ್ಮ ಒಳ್ಳೇದಕ್ಕೇ," ಎಂದ ಮಾಲೀಕ. ಪ್ರಧಾನ ಕಚೇರಿಯ ಗ್ರಂಥಾಲಯಕ್ಕೆ ಬರೆದೆವು. ಮೂರೇ ದಿನದಲ್ಲಿ ಉತ್ತರ ಬಂತು, ಅಚ್ಚಾದ ಪುಟದ ಸಮೇತ. ಕೊಡಗಳಿದ್ದವು, ಕಾದವರಿದ್ದರು.

ಕಾವ್ಯಾಳ ಕಣ್ಣಲ್ಲಿ ನೀರು ಬಂತು. "ಕ್ಲೌಡಲ್ಲಿ ಒಂದು ಕಾಪಿ ಇಡಬಹುದಿತ್ತಲ್ಲ ಸರ್."

"ಮೋಡ ನಂಬ್ಕೊಂಡು ಜಗಳೂರಿನಾಗೆ ಯಾರಮ್ಮಾ ಬದುಕ್ಯಾರೆ?" ಎಂದರು ರಹಮಾನಣ್ಣ. ಆ ವಾರದಲ್ಲಿ ಅವರು ಆಡಿದ ತಮಾಷೆ ಅದೊಂದೇ.

ತಿಪ್ಪಮ್ಮನವರಿಗೆ ಹೇಳಲು ರಹಮಾನಣ್ಣ, ನಾನು ಇಬ್ಬರೂ ಹೋದೆವು. ಬೆಳಗಿನ ನೀರು ಬಿಟ್ಟು ಬಂದು ರೊಟ್ಟಿ ತಟ್ಟುತ್ತಿದ್ದರು. ಚಾವಿ ಬಾಗಿಲ ಪಕ್ಕ ಗೋಡೆಗೆ ಒರಗಿತ್ತು. ಫೋಟೊದಲ್ಲಿ ಮಾತ್ರ ನೋಡಿದ್ದ ಚಾವಿ. ಕೈ ಹಿಡಿಯುವ ಜಾಗ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ರಹಮಾನಣ್ಣ ಹೇಳಿದರು. ಲ್ಯಾಪ್‌ಟಾಪ್, ನೆಟ್‌ವರ್ಕು ಎಂದೇನೋ ವಿವರಿಸಲು ಹೋಗಿ ಬಿಟ್ಟುಕೊಟ್ಟರು.

"ಅಳಿಸೋಯ್ತೇನಣ್ಣಾ?"

"ಹೂನವ್ವಾ."

ಅವರು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. "ಅದ್ರಾಗೆ ನಾನು ಇದ್ದೆನಾ?"

"ಇದ್ದೆ."

"ಇವ್ರೂ ನೋಡ್ಯಾರಾ?" ಎಂದು ನನ್ನ ಕಡೆ ತಿರುಗಿದರು.

"ನೋಡೀನ್ರೀ," ಎಂದೆ.

"ಹಂಗಾದ್ರೆ ನೋಡೀವಿ ಅಂತ ಬರ್ದು ಕೊಡ್ರಿ. ಬರಿಯೋದೇ ಅಲ್ಲೇನ್ರೀ ನಿಮ್ಮ ಕೆಲ್ಸ?"

ಬರೆದು ಕೊಟ್ಟೆವು. ಪಂಚಾಯಿತಿಯ ಅಧಿಕಾರಿ ನಮ್ಮ ಎರಡು ಪ್ರಮಾಣಪತ್ರಗಳನ್ನೂ ಪೂರ್ತಿ ಓದಿದರು. ಒರಟು ಮನುಷ್ಯರಲ್ಲ, ಕೂರಿಸಿ ಚಹಾ ತರಿಸಿದರು.

"ಫೋಟೊ ಇತ್ತು ಅಂತ ಬರ್ದೀರಿ. ಫೋಟೊ ಎಲ್ಲೈತ್ರೀ?"

"ಅಳಿಸಿ ಹೋಯ್ತು," ಎಂದೆ.

"ಯಾರು ಅಳಿಸಿದ್ರು?"

"ನಾವೇ."

ಅವರು ಕಾಗದ ಕೆಳಗಿಟ್ಟರು. "ಏನ್ರೀ, ಪಂಚಾಯಿತಿ ದಾಖಲೆ ಸರಿ ಇಡಲ್ಲ ಅಂತ ವರ್ಷಕ್ಕೆ ನಾಕು ಸಲ ಬರೀತೀರಿ. ನಾನೂ ಓದ್ತೀನಿ. ಈಗ ನೀವು ಇಟ್ಕೊಂಡಿದ್ದನ್ನ ನೀವೇ ಒರ್ಸಿ ಬಂದು, ನಾನು ಅದನ್ನ ಇತ್ತು ಅಂತ ನಂಬಬೇಕಂದ್ರೆ ಹೆಂಗೆ? ನಾಳೆ ಅದನ್ನೂ ನೀವೇ ಬರೀತೀರಿ."

ಅವರು ಹೇಳಿದ್ದು ನಿಜ. ಚನ್ನಗಿರಿಯಿಂದ ನಾನು 'ಕಡತ ನಾಪತ್ತೆ' ಎಂಬ ತಲೆಬರಹದ ಸುದ್ದಿಗಳನ್ನು ಎಷ್ಟು ಕಳಿಸಿದ್ದೇನೆಂದು ನನಗೇ ಗೊತ್ತಿಲ್ಲ. ಪ್ರತಿ ಸಲವೂ ಸಂಬಂಧಪಟ್ಟವರು 'ಮೇಲಿನವರ ಸೂಚನೆಯಂತೆ' ಎನ್ನುತ್ತಿದ್ದರು. ನಾನು ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕುತ್ತಿದ್ದೆ, ಓದುಗರು ನಗಲಿ ಎಂದು. ಈಗ ನನ್ನ ಬಳಿ ಆ ಸುದ್ದಿಗಳ ಪ್ರತಿಯೂ ಇಲ್ಲ.

ಸ್ಲೇಟಿನ ವಿಷಯ ಅಪ್ಪನಿಗೆ ಗೊತ್ತಾಗಿತ್ತು. ವರ್ಷಗಳ ಮೇಲೆ ಒಮ್ಮೆ ಅವನೇ ಹೇಳಿದ. ಡಿಕ್ಕಿ ಹೊಡೆದರೆ ಬಳಪ ಹರಡುತ್ತದೆ, ತೋಳಲ್ಲಿ ಒರೆಸಿದರೆ ಚೊಕ್ಕಟವಾಗಿ ಹೋಗುತ್ತದೆ. ನನ್ನ ತೋಳೂ ಬೆಳ್ಳಗಾಗಿತ್ತಂತೆ. "ಮತ್ತೆ ಬೈಲಿಲ್ಲ ಯಾಕೆ?" ಎಂದು ಕೇಳಿದ್ದೆ. "ನಿಂದು ನೀನು ಒರ್ಸ್ಕಂಡಿದ್ದೆ. ಬ್ಯಾರೇರದ್ದು ಒರ್ಸಿದ್ರೆ ಕೈ ಮುರೀತಿದ್ದೆ."

ನೆಟ್‌ವರ್ಕು ಚೆನ್ನಾಗಿ ನಡೆಯುತ್ತಿದೆ. ಹಿಂದೆ ಒಂದು ಫೋಟೊ ಹೋಗಲು ಚಹಾ ಕುಡಿಯುವಷ್ಟು ಹೊತ್ತು ಬೇಕಿತ್ತು, ಈಗ ಒತ್ತಿದ ಕೂಡಲೇ ಹೋಗುತ್ತದೆ. ಹೋದದ್ದರ ಪ್ರತಿ ತಾನಾಗಿಯೇ ಪ್ರಧಾನ ಕಚೇರಿಯಲ್ಲಿ ಉಳಿಯುತ್ತದಂತೆ. ಜುಲೈನಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೇರಿ ಅರ್ಧ ಪುಟ. ಮೊದಲು ಒಂದು ಪುಟವಿತ್ತು.

ಪಟ್ಟಿ ಆಗಸ್ಟ್ ಮೊದಲ ವಾರ ಪಂಚಾಯಿತಿಯ ಗೋಡೆಗೆ ಬಿತ್ತು. ನೀರುಗಂಟಿ ಎಂಬುದರ ಮುಂದೆ ಬೇರೊಬ್ಬರ ಹೆಸರಿತ್ತು. ಅವರನ್ನು ನಾನು ಭೇಟಿ ಮಾಡಿಲ್ಲ, ಆದ್ದರಿಂದ ಅವರ ಬಗ್ಗೆ ಏನೂ ಬರೆಯುವುದಿಲ್ಲ.

ಅದರ ಮರುವಾರ ಗುರುವಾರ ಬೆಳಿಗ್ಗೆ ತಿಪ್ಪಮ್ಮ ಕೊನೆಯ ಸಲ ನೀರು ಬಿಟ್ಟು, ಚಾವಿಯನ್ನು ಹೆಗಲ ಮೇಲೆ ಹೊತ್ತು ಪಂಚಾಯಿತಿಗೆ ಹೋದರು. ರಹಮಾನಣ್ಣ ಜೊತೆಗಿದ್ದರು. ಚಾವಿಯನ್ನು ಮೂಲೆಗೆ ಒರಗಿಸಿದ ಮೇಲೂ ತಿಪ್ಪಮ್ಮ ಹೋಗದೆ ನಿಂತರು.

"ಇನ್ನೇನಮ್ಮಾ?" ಎಂದರು ಗುಮಾಸ್ತರು.

"ಒಂದು ಚೀಟಿ ಕೊಡ್ರಿ ಸಾಮಿ. ನಾಳೆ ಚಾವಿ ಕಳೀತು ಅಂತ ನನ್ನ ಮ್ಯಾಲೆ ಬರಬಾರ್ದು."

ಗುಮಾಸ್ತರಿಗೆ ಅದು ನ್ಯಾಯವೆನ್ನಿಸಿತು. ಪಂಚಾಯಿತಿಯ ಹೆಸರಿದ್ದ ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಮೊಹರು ಒತ್ತಿ ಕೊಟ್ಟರು: 'ಕುಡಿಯುವ ನೀರಿನ ವಾಲ್ವ್ ಚಾವಿ ಒಂದನ್ನು, ಈವರೆಗೆ ನೀರು ಬಿಡುತ್ತಿದ್ದ ಶ್ರೀಮತಿ ತಿಪ್ಪಮ್ಮ ಇವರಿಂದ ಸ್ವೀಕರಿಸಲಾಗಿದೆ.' ಹದಿನಾರು ವರ್ಷದಲ್ಲಿ ಪಂಚಾಯಿತಿಯ ಕಾಗದದ ಮೇಲೆ ಅವರ ಹೆಸರು ಬಂದದ್ದು ಅದೇ ಮೊದಲು.

ತಿಪ್ಪಮ್ಮ ಮೇಲ್ಮನವಿ ಸಲ್ಲಿಸಿದ್ದಾರೆ. ಅದರ ಜೊತೆ ಲಗತ್ತಿಸಿದ ದಾಖಲೆ ಆ ಸ್ವೀಕೃತಿ ಒಂದೇ. ವಿಚಾರಣೆಯ ದಿನ ನಿಗದಿಯಾಗಿಲ್ಲ. ಜೆರಾಕ್ಸ್ ಪ್ರತಿಯೊಂದು ಮೊನ್ನೆ ದಾವಣಗೆರೆಯ ಬಸ್ಸಿನಲ್ಲಿ ನನಗೆ ಬಂತು. ಕವರಿನ ಮೇಲೆ ಕೆಂಪು ಶಾಯಿಯಲ್ಲಿ, ರಹಮಾನಣ್ಣನ ದುಂಡು ಅಕ್ಷರದಲ್ಲಿ, 'ತುರ್ತು' ಎಂದಿತ್ತು. ಅದನ್ನು ಅಪ್ಪನ ಕಾರ್ಬನ್ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮೂಲ ತಿಪ್ಪಮ್ಮನವರ ಮನೆಯಲ್ಲಿದೆ. ನಕಲು ಚನ್ನಗಿರಿಯಲ್ಲಿದೆ.